ಭಾಮೈದನಿಲ್ಲದವನ ಹಗ್ಗ

ಒಂದಾನೊಂದು ಕಾಲದಲ್ಲಿ, ಅಂದರೆ ನಾನು ಕೂಡ ಹುಟ್ಟಿರದ ಕಾಲದಲ್ಲಿ, ಅಂಥದ್ದೊಂದು ಕಾಲ ಇತ್ತು ಅಂದರೆ ನಿನಗೆ ನಂಬಿಕೆ ಬರೋದಿಲ್ಲ ಪುಟ್ಟಿ, ಇರಲಿ, ಏಳು ಬೆಟ್ಟದ ಆಚೆ ಕಾಡಿನೊಳಗೆ ಒಂದು ಹಾಡಿ ಇತ್ತಂತೆ. ಇಪ್ಪತ್ತು ಗುಡಿಸಲು, ಹಿಂದೆ ಒಂದು ಬಂಡೆ. ಬಂಡೆ ಅಂದರೆ ನಮ್ಮ ಹಿತ್ತಲಲ್ಲಿರೋ ಬಟ್ಟೆ ಒಗೆಯೋ ಕಲ್ಲಲ್ಲ. ಅದರ ನೆತ್ತಿ ಮೇಲೆ ನಿಂತು ಬಗ್ಗಿ ನೋಡಿದರೆ ಕೆಳಗೆ ಹಾರೋ ಹದ್ದಿನ ಬೆನ್ನು ಕಾಣಿಸ್ತಿತ್ತಂತೆ. ಹದ್ದಿನ ಹೊಟ್ಟೆ ಎಲ್ಲರೂ ನೋಡಿದಾರೆ, ಬೆನ್ನು ನೋಡಿದವರು ಎಷ್ಟು ಜನ ಇದಾರೆ ಹೇಳು. ಪ್ರತಿ ವರ್ಷ ಮುತ್ತುಗದ ಹೂ ಬಿಡೋ ಹೊತ್ತಿಗೆ ಆ ಬಂಡೆಯ ಎದೆಗೆ ಹೆಜ್ಜೇನು ಬಂದು ಕೂರ್ತಿದ್ವಂತೆ. ಒಂದಲ್ಲ ಎರಡಲ್ಲ, ನೂರು ಜೇನುತಟ್ಟಿ. ನಡುಮಧ್ಯೆ, ಬಂಡೆ ಒಳಕ್ಕೆ ಬಾಗಿರೋ ಜಾಗದಲ್ಲಿ, ಒಂದು ತಟ್ಟಿ ನಮ್ಮ ಮನೆ ಬಾಗಿಲಷ್ಟು ಅಗಲ. ಅದಕ್ಕೆ ದೊಡ್ಡಮ್ಮ ಅಂತಲೇ ಹೆಸರು. ದೊಡ್ಡಮ್ಮನನ್ನ ಮುಟ್ಟಿ ಬಂದವರು ಆ ಹಾಡೀಲಿ ಒಬ್ಬರೂ ಇರಲಿಲ್ಲ. ಮುಟ್ಟೋಕೆ ಹೋಗಿ ಬರದೇ ಇದ್ದವರು ಇಬ್ಬರು ಇದ್ದರಂತೆ.

ಆ ಜನಕ್ಕೆ ಜೇನು ಇಳಿಸೋದೇ ಬದುಕು. ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಂಡೆ ಇಳೀತಾನೆ, ಇನ್ನೊಬ್ಬ ಮೇಲೆ ಕೂತು ಹಗ್ಗ ಹಿಡೀತಾನೆ. ಕೂಗಿದರೆ ಕೇಳಿಸೋದಿಲ್ಲ, ಜೇನಿನ ಸದ್ದು ಹಾಗಿರುತ್ತೆ. ಅದಕ್ಕೆ ಹಗ್ಗಾನೇ ಮಾತಾಡಬೇಕು. ಕೆಳಗಿಂದ ಒಂದು ಸಲ ಜಗ್ಗಿದರೆ ನಿಲ್ಲಿಸು, ಎರಡು ಸಲ ಜಗ್ಗಿದರೆ ಬಿಡು, ಮೂರು ಸಲ ಜಗ್ಗಿದರೆ ಮೇಲಕ್ಕೆ ಎಳಿ. ಆಮೇಲೆ ಇನ್ನೊಂದು ಕಟ್ಟಳೆ ಇತ್ತು. ಹಗ್ಗ ಹಿಡಿಯೋನು ಭಾಮೈದನೇ ಆಗಿರಬೇಕು, ಅಂದರೆ ಇಳಿಯೋನ ಹೆಂಡತಿಯ ಅಣ್ಣನೋ ತಮ್ಮನೋ. ಬೇರೆಯವರು ಆ ಹಗ್ಗಕ್ಕೆ ಬೆರಳು ಕೂಡ ತಾಗಿಸೋ ಹಾಗಿಲ್ಲ.

ಯಾಕೆ ಅಂತ ಕೇಳು. ಒಡಹುಟ್ಟಿದವನು ಹಿಡಿಯೋ ಹಾಗಿಲ್ಲ, ಹಗ್ಗ ಜಾರಿದರೆ ಅವನಿಗೆ ಪಾಲು ಹೆಚ್ಚಾಗುತ್ತೆ. ಗೆಳೆಯ ಹಿಡಿಯೋ ಹಾಗಿಲ್ಲ, ಅವನು ಎರಡು ದಿನ ಅತ್ತು ಮೂರನೇ ದಿನ ಇನ್ನೊಬ್ಬ ಗೆಳೆಯನ್ನ ಹುಡುಕ್ಕೊಳ್ತಾನೆ. ಭಾಮೈದ ಹಾಗಲ್ಲ. ಅವನು ಹಗ್ಗ ಬಿಟ್ಟರೆ ಅಕ್ಕ ಗಂಡನ್ನ ಕಳಕೊಂಡು ತವರಿಗೆ ಬರ್ತಾಳೆ, ಬಂದು ಒಲೆ ಮುಂದೆ ಕೂತು ಇವನು ಇರೋ ತನಕ ಇವನ ಮುಖಾನೇ ನೋಡ್ತಾಳೆ. ಆ ನೋಟಕ್ಕೆ ಹೆದರಿ ಅವನು ಕೈ ಕಿತ್ತು ಬಂದರೂ ಹಗ್ಗ ಬಿಡೋದಿಲ್ಲ. ಹಿಂದಿನವರು ತುಂಬಾ ಯೋಚನೆ ಮಾಡಿದ್ದರು.

ಆ ಹಾಡಿಯ ಯಜಮಾನ ಬೊಮ್ಮಯ್ಯ ಅಂತ. ಅವನಿಗೆ ಮೂರು ಗಂಡುಮಕ್ಕಳು. ದೊಡ್ಡಯ್ಯ, ನಡುವಯ್ಯ, ಸಣ್ಣಯ್ಯ. ಕಟ್ಟಳೆಗಳನ್ನೆಲ್ಲಾ ನೆನಪಿಟ್ಟುಕೊಳ್ಳೋ ಹೊತ್ತಲ್ಲಿ ಬೊಮ್ಮಯ್ಯನಿಗೆ ಹೆಸರು ಹುಡುಕೋಕೆ ಪುರಸೊತ್ತು ಆಗಿರಲಿಲ್ಲ. ನಾಲ್ಕನೇದು ಮಗಳು, ಹೊನ್ನಿ. ಇವಳಿಗೆ ಹೆಸರಿಟ್ಟಿದ್ದು ಅವಳಮ್ಮ. ಹೊನ್ನಿಯ ಕೆಲಸ ಹಗ್ಗ ಹೊಸೆಯೋದು. ಆ ಹಾಡೀಲಿ ಹಗ್ಗ ಹೊಸೆಯೋದು ಹೆಂಗಸರ ಪಾಲು, ಅದರಲ್ಲಿ ನೇತಾಡಿ ಹೆಸರು ತಗೊಳ್ಳೋದು ಗಂಡಸರ ಪಾಲು.

ಹೀಗಿರೋವಾಗ ಒಂದು ವರ್ಷ, ತಟ್ಟಿಗೆಲ್ಲಾ ತುಪ್ಪ ತುಂಬೋ ಹೊತ್ತಿಗೆ, ಜೇನಿನ ಜಾಡು ಹಿಡಿದು ಒಬ್ಬ ಹುಡುಗ ಬಂದನಂತೆ. ಜಡೆಯ ಅಂತ. ಹಿಂದಿಲ್ಲ ಮುಂದಿಲ್ಲ, ಅಪ್ಪ ಅಮ್ಮ ಹೋಗಿಬಿಟ್ಟಿದ್ದರು, ಜೇನುನೊಣ ಯಾವ ಕಡೆ ಹೋಗ್ತಾವೋ ಆ ಕಡೆ ಹೋಗೋನು. ಬಂದವನೇ ಬಂಡೆ ಕೆಳಗೆ ನಿಂತು ತಲೆ ಎತ್ತಿದನಂತೆ. ಎತ್ತಿದ ತಲೆ ಇಳಿಸಲೇ ಇಲ್ಲ. ಗಾಳಿ ಬೀಸಿದಾಗ ದೊಡ್ಡಮ್ಮನ ಮೇಲಿದ್ದ ಸಾವಿರಾರು ನೊಣ ಒಟ್ಟಿಗೆ ರೆಕ್ಕೆ ಎತ್ತಿ ಇಳಿಸ್ತಿದ್ವು, ಕೆರೆ ನೀರಿನ ಮೇಲೆ ಅಲೆ ಓಡಿದ ಹಾಗೆ ತಟ್ಟಿಯ ಮೇಲೆ ಅಲೆ ಓಡ್ತಿತ್ತು. ಅವನು ನೋಡ್ತಾ ನೋಡ್ತಾ ಒಂದು ಹೊತ್ತಿನ ಊಟ ಮರೆತನಂತೆ. ಅದೇ ದಾರೀಲಿ ಸೊರೆಬುರುಡೆಗೆ ನೀರು ತುಂಬಿಕೊಂಡು ಬಂದ ಹೊನ್ನಿ, ಕತ್ತು ಹಿಡ್ಕೊಂಡಿದೆಯಾ, ಎಣ್ಣೆ ತರಲಾ ಅಂತ ಕೇಳಿದಳಂತೆ. ಅವನು ತಲೆ ಇಳಿಸಿ ಅವಳನ್ನ ನೋಡಿದ. ಆಮೇಲೆ ಇನ್ನೊಂದು ಹೊತ್ತಿನ ಊಟವನ್ನೂ ಮರೆತನಂತೆ.

ಆ ವರ್ಷದ ಹಗ್ಗ ಹೊಸೆಯೋ ಕೆಲಸ ಇನ್ನೂ ಬಾಕಿ ಇತ್ತು. ಹಗ್ಗ ಒಬ್ಬರೇ ಹೊಸೆಯೋಕೆ ಆಗೋದಿಲ್ಲ ಪುಟ್ಟಿ. ಕಾಡುಬಳ್ಳಿಯ ನಾರನ್ನ ಅರವತ್ತು ಮಾರು ಉದ್ದಕ್ಕೆ ಎಳೆದು, ಈ ತುದೀಲಿ ಒಬ್ಬರು ಎಡಕ್ಕೆ ತಿರುವಬೇಕು, ಆ ತುದೀಲಿ ಒಬ್ಬರು ಬಲಕ್ಕೆ ತಿರುವಬೇಕು. ಪ್ರತಿ ವರ್ಷ ಆ ತುದಿಗೆ ಅಣ್ಣಂದಿರಲ್ಲಿ ಒಬ್ಬ ಕೂತು ನಿದ್ದೆ ಮಾಡ್ತಿದ್ದ. ಈ ವರ್ಷ ಜಡೆಯ, ನಾನು ತಿರುವ್ತೀನಿ ಅಂದ. ಮೂರು ಜನ ಅಣ್ಣಂದಿರೂ ಒಳ್ಳೇ ಹುಡುಗ ಅಂದರಂತೆ.

ಹಗ್ಗ ಹೊಸೆಯೋದರಲ್ಲಿ ಒಂದು ಗುಣ ಇದೆ. ತಿರುವಿದಷ್ಟೂ ಎಳೆ ಗಿಡ್ಡ ಆಗುತ್ತೆ. ಎಳೆ ಗಿಡ್ಡ ಆದರೆ ಆ ತುದಿಯವರೂ ಈ ತುದಿಯವರೂ ಹತ್ತಿರ ಬರಲೇಬೇಕು. ಇದು ನಾರಿನ ಸ್ವಭಾವ, ಹುಡುಗ ಹುಡುಗಿಯದಲ್ಲ. ಮೊದಲನೇ ದಿನ ಅರವತ್ತು ಮಾರು ದೂರದಿಂದ ಜಡೆಯ ಕೈ ಬಾಯಿಗಿಟ್ಟುಕೊಂಡು, ನಿನ್ನ ಹೆಸರೇನು ಅಂತ ಕೂಗಿದನಂತೆ. ಇಡೀ ಹಾಡಿಗೆ ಕೇಳಿಸ್ತು. ಗೊತ್ತಿದ್ದವರೆಲ್ಲಾ ಉತ್ತರ ಕೊಟ್ಟರು. ಹೊನ್ನಿ ಮಾತ್ರ, ಬಲಕ್ಕೆ ತಿರುವು, ಎಡಕ್ಕಲ್ಲ ಅಂದಳಂತೆ.

ಎರಡನೇ ದಿನ ಐವತ್ತು ಮಾರು. ಹೊನ್ನಿ, ಅಲ್ಲ, ನೊಣದ ಹಿಂದೆ ಊರೂರು ತಿರುಗ್ತೀಯಲ್ಲ, ನಿನಗೊಂದು ಮನೆ ಅಂತ ಇಲ್ವಾ ಅಂತ ಕೇಳಿದಳು. ಅವನು, ನೊಣಕ್ಕೂ ಇಲ್ಲ, ವರ್ಷ ವರ್ಷ ಬರ್ತಾವೆ, ಅವುಗಳನ್ನ ಯಾರಾದರೂ ಹೀಗೆ ಕೇಳ್ತಾರಾ ಅಂದ. ಅವಳಿಗೆ ನಗು ಬಂತು. ಅವಳು ನಕ್ಕಾಗ ಎಳೆ ನಡುಗ್ತು, ಎಳೆ ನಡುಗಿದಾಗ ಐವತ್ತು ಮಾರು ಆಚೆ ಅವನ ಅಂಗೈಗೆ ಕಚಗುಳಿ ಆಯ್ತಂತೆ. ಅವನು ಸುಮ್ಮನೆ ಕೈ ನೋಡಿಕೊಂಡ. ಒಬ್ಬರ ನಗು ಇನ್ನೊಬ್ಬರ ಅಂಗೈಗೆ ಬಂದು ಮುಟ್ಟುತ್ತೆ ಅಂತ ಅವನಿಗೆ ಅವತ್ತಿನವರೆಗೂ ಯಾರೂ ಹೇಳಿರಲಿಲ್ಲ.

ಮೂರನೇ ದಿನ ಮೂರು ಎಳೆ ಕೂಡಿಸಿ ಹೊಸೆದರು. ಹೊಸೆದ ಹಗ್ಗ ಸುತ್ತಿಡಬೇಕಲ್ಲ, ಹೊನ್ನಿ ಕೂತು ಸುತ್ತಿದಳು, ಜಡೆಯ ಆ ತುದಿ ಹಿಡಿದು ನಡೆದು ಬಂದ. ಸುತ್ತಿ ಸುತ್ತಿ ಹಗ್ಗ ಮುಗೀತು, ತುದಿ ಅವಳ ಕೈಗೆ ಬಂತು, ತುದಿಯ ಜೊತೆ ಹುಡುಗನೂ ಬಂದ. ಮೊಣಕಾಲಿಗೆ ಮೊಣಕಾಲು ತಾಗೋಷ್ಟು ಹತ್ತಿರ. ಮೂರು ದಿನ ಕೂಗಿ ಕೂಗಿ ರೂಢಿ ಆಗಿತ್ತು ನೋಡು, ಅಷ್ಟು ಹತ್ತಿರ ಬಂದರೂ ಅವನ ಗಂಟಲು ಇಳೀಲಿಲ್ಲ. ನಿಮ್ಮಪ್ಪನ್ನ ಕೇಳಲಾ ಅಂತ ಅವಳ ಮುಖದ ಮುಂದೇನೇ ಕೂಗಿಬಿಟ್ಟನಂತೆ. ಇನ್ನು ಕೇಳೋದೇನು ಬಂತು, ಅಪ್ಪ ಅಲ್ಲೇ ಜಗಲಿ ಮೇಲೆ ಎಲೆಅಡಿಕೆ ಹಾಕ್ಕೊಳ್ತಾ ಕೂತಿದ್ದ.

ಯಜಮಾನ ಬೊಮ್ಮಯ್ಯ ಎಲೆ ಅಗಿದು ಮುಗಿಸಿ ಹೇಳಿದನಂತೆ. ಹುಡುಗ ಒಳ್ಳೆಯವನು, ಆದರೆ ಬಂಡೆ ಇಳಿಯದವನಿಗೆ ನಮ್ಮ ಹೆಣ್ಣು ಕೊಡೋದಿಲ್ಲ, ಅದು ಕಟ್ಟಳೆ. ಜಡೆಯ, ಈಗಲೇ ಇಳೀತೀನಿ ಅಂದ. ಇಳೀಬಹುದು, ಆದರೆ ಹಗ್ಗ ಹಿಡಿಯೋಕೆ ಭಾಮೈದ ಬೇಕು, ಅದೂ ಕಟ್ಟಳೆ ಅಂದ ಯಜಮಾನ. ಭಾಮೈದ ಎಲ್ಲಿಂದ ತರೋದು ಅಂದ ಜಡೆಯ. ಮದುವೆ ಆದರೆ ತಾನೇ ಬರ್ತಾನೆ ಅಂದ ಯಜಮಾನ. ಮದುವೆ ಆಗಬೇಕಾದರೆ ಅಂದ ಜಡೆಯ. ಬಂಡೆ ಇಳೀಬೇಕು ಅಂದ ಯಜಮಾನ. ಇದರಲ್ಲಿ ಎಲ್ಲೂ ತಪ್ಪಿಲ್ಲ ಅಂತ ಹಾಡಿಯವರೆಲ್ಲಾ ತಲೆ ಆಡಿಸಿದರಂತೆ. ಹಾಡಿಯ ಹುಡುಗರಿಗೆ ಈ ತೊಡಕು ಬಂದಿರಲಿಲ್ಲ, ಯಾಕೆ ಅಂದರೆ ಅವರಿಗೆಲ್ಲಾ ಸೋದರಮಾವನ ಮಕ್ಕಳು ಹುಟ್ಟಿದಾಗಿಂದಲೇ ಭಾಮೈದರು. ಹೊರಗಿನವನು ಒಬ್ಬ ಬಂದು ಕೇಳ್ತಾನೆ ಅಂತ ಹಿಂದಿನವರು ಎಣಿಸಿರಲಿಲ್ಲ. ಅಷ್ಟೆಲ್ಲಾ ಯೋಚನೆ ಮಾಡಿದವರು ಇದೊಂದು ಬಿಟ್ಟಿದ್ದರು.

ಹೊನ್ನಿ ಅವತ್ತು ಒಲೆ ಹಚ್ಚಲಿಲ್ಲವಂತೆ. ಮಾರನೇ ದಿನವೂ ಹಚ್ಚಲಿಲ್ಲ. ಹಸಿವು ಅನ್ನೋದು ಕಟ್ಟಳೆಯನ್ನ ಸ್ವಲ್ಪ ಮೆತ್ತಗೆ ಮಾಡುತ್ತೆ ಪುಟ್ಟಿ. ಯಜಮಾನ ಒಂದು ದಾರಿ ಕಂಡುಹಿಡಿದ. ಜೇನು ಬಂಡೆ ಬಿಟ್ಟು ಹೋಗೋಕೆ ಇನ್ನು ಮೂರು ದಿನ ಇದೆ. ಈ ಮೂರು ದಿನದ ಮಟ್ಟಿಗೆ ನನ್ನ ಮಕ್ಕಳನ್ನ ಕೈಗಡ ಕೊಡ್ತೀನಿ, ದಿನಕ್ಕೊಬ್ಬ ಭಾಮೈದ. ಆದರೆ ಸುಮ್ಮನೆ ಯಾವುದೋ ತಟ್ಟಿ ಅಲ್ಲ, ದೊಡ್ಡಮ್ಮನ ತುಪ್ಪ ತರಬೇಕು. ತಂದರೆ ಮಗಳು, ತರದಿದ್ದರೆ ನೊಣದ ಜೊತೆ ನೀನೂ ಹೊರಡು, ಮತ್ತೆ ಈ ಬೆಟ್ಟದ ಕಡೆ ತಲೆ ಹಾಕಬೇಡ. ಜಡೆಯ ಆಗಲಿ ಅಂದ. ಹೊನ್ನಿ ಒಲೆ ಹಚ್ಚಿದಳು.

ಮೊದಲನೇ ದಿನ ದೊಡ್ಡಯ್ಯ. ಜಡೆಯ ನೊಣ ಎಬ್ಬಿಸೋಕೆ ಹೊಗೆಯಾಡೋ ಸೊಪ್ಪಿನ ಕಟ್ಟು, ಅದೇ ಹೊಗೆಸೂಡಿ, ಹಿಡಿದು, ಬಿದಿರು ಬುಟ್ಟಿ ತೂಗುಹಾಕ್ಕೊಂಡು ಇಳಿದ. ದೊಡ್ಡಯ್ಯ ಕಟ್ಟಳೆ ಬಲ್ಲವನು. ಹತ್ತು ಮಾರು ಬಿಟ್ಟ ಮೇಲೆ ಅವನಿಗೆ ಒಂದು ಯೋಚನೆ ಬಂತಂತೆ. ಇವನು ಇನ್ನೂ ನನ್ನ ಭಾವ ಅಲ್ಲ, ಭಾವನಿಗೆ ಹಿಡಿದಷ್ಟು ಗಟ್ಟಿಯಾಗಿ ಇವನಿಗೆ ಹಿಡಿದರೆ ನಿಜವಾದ ಭಾವ ಬಂದಾಗ ಅವನಿಗೆ ಅವಮಾನ ಅಲ್ವಾ. ಹಾಗಂತ ಹಗ್ಗವನ್ನ ಹತ್ತಿರದ ಮರಕ್ಕೆ ಕಟ್ಟಿ, ನೆರಳಲ್ಲಿ ಒರಗಿದ. ಕೆಳಗೆ ಜಡೆಯ ಎರಡು ಸಲ ಜಗ್ಗಿದ, ಮರ ಬಿಡಲಿಲ್ಲ. ಮೂರು ಸಲ ಜಗ್ಗಿದ, ಮರ ಎಳೀಲಿಲ್ಲ. ಮಧ್ಯಾಹ್ನದ ತನಕ ಅಲ್ಲೇ ತೂಗಾಡಿದನಂತೆ. ಕಾಲ ಕೆಳಗೆ ಹದ್ದು, ಹದ್ದಿನ ಕೆಳಗೆ ಕಾಡು, ಕಾಡಿನಲ್ಲಿ ನಡೆಯೋ ಆನೆ ಹುರುಳಿಕಾಳಿನಷ್ಟು. ಬಂಡೆ ಪೂರ್ತಿ ಗುಂಯ್ ಅಂತಿತ್ತು, ಆ ಸದ್ದು ಕಿವೀಲಿ ಅಲ್ಲ, ಅವನ ಪಕ್ಕೆಲುಬಲ್ಲಿ ಕೇಳಿಸ್ತಿತ್ತಂತೆ. ಇಷ್ಟು ದೊಡ್ಡದರ ಮುಂದೆ ನಾನು ಇಷ್ಟು ಚಿಕ್ಕವನು ಅನ್ನಿಸಿ ಅವನಿಗೆ ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ನೋಡೋಕೆ ಹೊನ್ನಿಯೂ ಇದ್ದಿದ್ದರೆ ಅನ್ನಿಸ್ತಂತೆ. ಆಮೇಲೆ ಕೈ ಮೇಲೆ ಕೈ ಹಾಕಿ ಹಗ್ಗ ಹತ್ತಿ ಬಂದ. ದೊಡ್ಡಯ್ಯ ಎದ್ದು, ಏನಾದರೂ ಸಿಕ್ತಾ ಅಂತ ಕೇಳಿದ.

ಎರಡನೇ ದಿನ ನಡುವಯ್ಯ. ಇವನು ನಿದ್ದೆ ಮಾಡೋನಲ್ಲ, ಯೋಚನೆ ಮಾಡೋನು. ಜಡೆಯ ಎರಡು ಸಲ ಜಗ್ಗಿದ. ನಡುವಯ್ಯ, ಇದು ಎರಡೋ, ಇಲ್ಲಾ ಮೂರರಲ್ಲಿ ಮೊದಲನೆಯ ಎರಡೋ ಅಂತ ಯೋಚನೆ ಮಾಡ್ತಾ ಮೂರನೇದಕ್ಕೆ ಕಾದ. ಕೆಳಗಿದ್ದವನು ಯಾಕೆ ಬಿಡ್ತಿಲ್ಲ ಅಂತ ಮತ್ತೆ ಜಗ್ಗಿದ. ಅದೇ ಮೂರನೇದು ಅಂತ ನಡುವಯ್ಯ ಮೇಲಕ್ಕೆ ಎಳೆದ. ನಿಲ್ಲಿಸು ಅಂತ ಜಡೆಯ ಒಂದು ಸಲ ಜಗ್ಗಿದ, ನಡುವಯ್ಯ ಎರಡನೇದಕ್ಕೆ ಕಾದ. ಹೀಗೆ ಹುಡುಗ ಬಾವಿ ಕೊಡದ ಹಾಗೆ ಮೇಲೆ ಕೆಳಗೆ ಆಗಿ, ಹೊಗೆಸೂಡಿ ಬಂಡೆಗೆ ತಾಗಿ ಕೆಳಗೆ ಬಿತ್ತು. ಅದು ನೆಲ ಮುಟ್ಟೋದನ್ನ ಅವನು ನೋಡಿದನಂತೆ, ಆದರೆ ಸದ್ದು ಕೇಳಿಸಲೇ ಇಲ್ಲವಂತೆ. ಅಷ್ಟು ಆಳ.

ಮೂರನೇ ದಿನ ಸಣ್ಣಯ್ಯ. ಇವನಿಗೆ ಜಡೆಯನ ಮೇಲೆ ಪ್ರೀತಿ ಇತ್ತು. ಬೆಳಿಗ್ಗೇನೇ ಹೊನ್ನಿ ಹತ್ತಿರ ಬಂದು, ತಂಗೀ, ನಾನು ನಿದ್ದೆ ಮಾಡೋದಿಲ್ಲ, ಎಣಿಕೆ ತಪ್ಪೋದಿಲ್ಲ, ಆದರೆ ಕಿವಿ ಹತ್ತಿರ ನೊಣ ಬಂದರೆ ನನ್ನ ಕೈ ನನ್ನ ಮಾತು ಕೇಳೋದಿಲ್ಲ ಅಂದನಂತೆ. ಹೊನ್ನಿ ಅಣ್ಣನಿಗೆ ಮುದ್ದೆ ತರ್ತೀನಿ ಅಂತ ಹೇಳಿ ಅವನ ಹಿಂದೇನೇ ಬಂಡೆಯ ನೆತ್ತಿಗೆ ಹೋದಳು. ಹೆಂಗಸರು ಅಲ್ಲಿಗೆ ಹೋಗಬಾರದು ಅಂತ ಕಟ್ಟಳೆ ಇರಲಿಲ್ಲ. ಹೋಗಬಹುದು ಅಂತಾನೇ ಯಾರಿಗೂ ಹೊಳೆದಿರಲಿಲ್ಲ.

ಜಡೆಯ ಇಳಿದ. ಹತ್ತು ಮಾರು, ಇಪ್ಪತ್ತು ಮಾರು. ಸಣ್ಣಯ್ಯ ಹಲ್ಲು ಕಚ್ಚಿ ಹಿಡಿದಿದ್ದ. ಹೊಗೆ ತಟ್ಟಿಗೆ ತಾಗ್ತು, ದೊಡ್ಡಮ್ಮ ಎದ್ದಳು. ನೊಣ ಒಂದೊಂದಾಗಿ ಏಳಲಿಲ್ಲ ಪುಟ್ಟಿ, ಬಂಡೆಯ ಒಂದು ಬದಿಯೇ ಎದ್ದು ಬಂದ ಹಾಗೆ ಎದ್ವು. ಬಿಸಿಲು ಮಂಕಾಯ್ತು. ಒಂದು ನೊಣ, ಒಂದೇ ಒಂದು, ಸಣ್ಣಯ್ಯನ ಕಿವಿ ಹತ್ತಿರ ಬಂತು. ಅವನ ಕೈ ಎದ್ದು ಕಿವಿಗೆ ಹೋಯ್ತು. ಎರಡನೇ ಕೈಯೂ ಹೋಯ್ತು.

ಹಗ್ಗ ಹಾವಿನ ಹಾಗೆ ಸರ್ ಅಂತ ಓಡ್ತಂತೆ. ಹೊನ್ನಿ ಮುದ್ದೆ ಬುಟ್ಟಿ ಬಿಸಾಕಿ ಎರಡು ಕೈಯಲ್ಲೂ ಹಗ್ಗ ಹಿಡಿದಳು. ಅದು ನಿಲ್ಲಲಿಲ್ಲ, ಅವಳ ಅಂಗೈ ಚರ್ಮ ತಗೊಂಡು ಓಡ್ತು. ಅವಳು ಒಂದು ಕಲ್ಲಿಗೆ ಕಾಲು ಕೊಟ್ಟು ಹಿಂದಕ್ಕೆ ಒರಗಿದಳು. ಆಗ ನಿಂತಿತು. ಸಣ್ಣಯ್ಯ ಅಯ್ಯೋ ಅಂತ ಹಾಡಿ ಕಡೆ ಓಡಿದ. ನೊಣ ಬಂದು ಅವಳ ಮೇಲೆ ಕೂತ್ವು. ತಲೆ ಮೇಲೆ, ಹೆಗಲ ಮೇಲೆ, ಮೊಣಕೈ ತನಕ, ಕಪ್ಪು ಚಿನ್ನದ ಕಂಬಳಿ ಹೊದ್ದ ಹಾಗೆ. ಓಡಿಸೋಕೆ ಕೈ ಖಾಲಿ ಇಲ್ಲ.

ಕಚ್ಚಲಿಲ್ವಾ ಅಂತ ಕೇಳ್ತೀಯಾ. ಕಚ್ಚಿದ್ವು, ಏಳು ಕಡೆ. ಕತೆ ಅಂತ ನೊಣ ಕಚ್ಚದೆ ಬಿಡ್ತಾವಾ.

ಕೆಳಗೆ ಜಡೆಯನಿಗೆ ಏನೂ ಗೊತ್ತಿಲ್ಲ. ಹಗ್ಗ ಜಾರಿತು, ಆಮೇಲೆ ನಿಂತಿತು. ಅವನು ಮೆಲ್ಲಗೆ ಎರಡು ಸಲ ಜಗ್ಗಿದ. ಹಗ್ಗ ಬಿಟ್ಟುಕೊಂಡಿತು, ಆದರೆ ಸಣ್ಣಯ್ಯನ ಹಾಗಲ್ಲ. ಒಂದೇ ಸಮ, ಸ್ವಲ್ಪ ಎಡಕ್ಕೆ ತಿರುವಿ ತಿರುವಿ. ಹಗ್ಗ ಹೊಸೆಯೋವಾಗ ಮೂರು ದಿನ ಆ ಕೈ ಅವನ ಅಂಗೈ ಜೊತೆ ಮಾತಾಡಿತ್ತಲ್ಲ. ಜಡೆಯ ತಲೆ ಎತ್ತಿ ನೋಡಿದ. ನೊಣ ಬಿಟ್ಟರೆ ಏನೂ ಕಾಣಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ. ಅವನಿಗೆ ಹೆದರಿಕೆ ಪೂರ್ತಿ ಹೋಯ್ತಂತೆ. ಕಾಲಿಂದ ಬಂಡೆ ಒದ್ದು ಉಯ್ಯಾಲೆ ತೂಗಿದ ಹಾಗೆ ತೂಗಿ ಒಳಕ್ಕೆ ಹೋದ. ಒಂದು ತೂಗು, ಎರಡು ತೂಗು, ಮೂರನೇದಕ್ಕೆ ದೊಡ್ಡಮ್ಮನ ಮುಂದೆ ಇದ್ದ. ನೊಣ ಎದ್ದ ಜಾಗದಲ್ಲಿ ತಟ್ಟಿ ಬೆತ್ತಲೆ ನಿಂತಿತ್ತು, ಹಿಂದಿನಿಂದ ಬಿಸಿಲು ಬಿದ್ದು ಒಳಗಿನ ತುಪ್ಪ ಹೊಳೀತಿತ್ತು, ಸೂರ್ಯನನ್ನ ಯಾರೋ ಅಲ್ಲಿ ಮಡಿಸಿಟ್ಟ ಹಾಗೆ. ಅವನು ಕೈ ಮುಗಿದ. ಮರಿ ಇದ್ದ ಕಡೆ ಮುಟ್ಟಲಿಲ್ಲ, ತುಪ್ಪ ಇದ್ದ ಮೂಲೆ ಮಾತ್ರ ಕೊಯ್ದು ಬುಟ್ಟಿಗೆ ತುಂಬಿದ. ತುಂಬಿ ಮೂರು ಸಲ ಜಗ್ಗಿದ.

ಇಲ್ಲಿ ತೊಡಕಾಯ್ತು. ಹುಡುಗನ ಭಾರ, ಮೇಲೆ ಬುಟ್ಟಿ ತುಂಬಾ ಜೇನು. ಹೊನ್ನಿಗೆ ಹಿಡಿಯೋಕೆ ಆಯ್ತು, ಎಳೆಯೋಕೆ ಆಗಲಿಲ್ಲ. ಅಷ್ಟು ಹೊತ್ತಿಗೆ ಸಣ್ಣಯ್ಯನ ಕೂಗು ಕೇಳಿ ಅಪ್ಪ, ಅಣ್ಣಂದಿರು, ಹಾಡಿಯ ಅರ್ಧ ಜನ ಬಂದು ನೆರೆದರು. ದೊಡ್ಡಯ್ಯ ಹಗ್ಗಕ್ಕೆ ಕೈ ಹಾಕೋಕೆ ಬಂದ. ಯಜಮಾನ, ನಿಲ್ಲು ಅಂದ. ನಿನ್ನ ದಿನ ಮೊನ್ನೇನೇ ಮುಗೀತು, ಈಗ ನೀನು ಅವನಿಗೆ ಏನೂ ಅಲ್ಲ, ಮುಟ್ಟೋ ಹಾಗಿಲ್ಲ. ನಡುವಯ್ಯನೂ ಅಲ್ಲ. ಸಣ್ಣಯ್ಯ ಹಗ್ಗ ಬಿಟ್ಟವನು, ಬಿಟ್ಟವನು ಮತ್ತೆ ಹಿಡಿಯೋ ಹಾಗಿಲ್ಲ. ನಿಜ ಹೇಳಬೇಕು ಅಂದರೆ ಹೊನ್ನಿಯೂ ಹಿಡಿಯೋ ಹಾಗಿಲ್ಲ. ಹಾಗಾದರೆ ಬಿಡಲಾ ಅಂತ ಹೊನ್ನಿ ಕೇಳಿದಳು. ಯಜಮಾನ ಯೋಚನೆಗೆ ಬಿದ್ದ. ಬಿಡಬೇಕು ಅಂತಾನೂ ಕಟ್ಟಳೆಯಲ್ಲಿ ಇರಲಿಲ್ಲ.

ಹಗ್ಗದ ಮೇಲೆ ರಕ್ತ ಇಳೀತಿತ್ತಂತೆ. ಹೊನ್ನಿ ಕತ್ತು ತಿರುಗಿಸದೆ ಕೇಳಿದಳು. ಅಪ್ಪಾ, ಭಾಮೈದನೇ ಯಾಕೆ ಹಿಡೀಬೇಕು?

ಅದು ಎಲ್ಲರಿಗೂ ಗೊತ್ತಿರೋದೇ ಅಂದ ಯಜಮಾನ. ತಂಗಿಯ ಗಂಡ ಸಾಯಬಾರದು ಅಂತ ಅವನಿಗೆ ಭಯ ಇರುತ್ತೆ.

"ಆ ತಂಗಿ ನಾನೇ ಅಪ್ಪಾ. ನನ್ನ ಭಯ ನಾನು ಪಡೋಕೆ ಅಣ್ಣಂದಿರನ್ನ ಯಾಕೆ ಕಳಿಸಬೇಕು?"

ಸಾವಿರ ವರ್ಷದಿಂದ ಹಗ್ಗ ಹಿಡಿಯೋರು ಯಾರು ಅಂತ ಹಿಂದಿನವರು ಹುಡುಕಿದ್ದೇ ಹುಡುಕಿದ್ದು, ಗುಡಿಸಲೊಳಗೆ ಕೂತು ಹಗ್ಗ ಹೊಸೀತಿದ್ದವಳನ್ನ ಬಿಟ್ಟು ಊರೆಲ್ಲಾ ಹುಡುಕಿದ್ದರು. ಯಜಮಾನ ಮಗಳ ಕೈ ನೋಡಿದ. ಅವಳ ಹೆಗಲ ಮೇಲೆ ಸುಮ್ಮನೆ ಕೂತಿದ್ದ ನೊಣಗಳನ್ನ ನೋಡಿದ. ಆಮೇಲೆ ಸೊಂಟದ ಸಂಚಿ ಬಿಚ್ಚಿದನಂತೆ.

ಅವನು ಕಟ್ಟಳೆ ಬಿಟ್ಟವನಲ್ಲ. ಹಗ್ಗ ಎಳೆಯೋಕೆ ಭಾಮೈದರು ಬೇಕು, ಭಾಮೈದರು ಬೇಕಾದರೆ ಹೆಣ್ಣು ಗೊತ್ತಾಗಬೇಕು, ಹಾಗಾದರೆ ಇಲ್ಲೇ ಗೊತ್ತು ಮಾಡೋಣ ಅಂದ. ಸಂಚೀಲಿ ಎರಡೇ ಎಲೆ ಇತ್ತು, ಅರ್ಧ ಅಡಿಕೆ. ಗಂಡಿನ ಕಡೆಯಿಂದ ಎಲೆ ತಗೊಳ್ಳೋರು ಯಾರು ಅಂತ ಕೇಳಿದ. ಗಂಡಿನ ಕಡೆ ಅಂತ ಯಾರೂ ಇರಲಿಲ್ಲ. ಆಗ ಸಣ್ಣಯ್ಯ ಕಣ್ಣೊರೆಸಿಕೊಂಡು ಎದ್ದು, ಈ ಕಡೆಯಿಂದ ನಾಲ್ಕು ಹೆಜ್ಜೆ ನಡೆದು ಆ ಕಡೆ ಹೋಗಿ ಕೂತನಂತೆ. ಬಿಟ್ಟ ಕೈ ಚಾಚಿ ಎಲೆ ತಗೊಂಡ. ಹುಡುಗಿಗೆ ಎಲೆ ತಗೊಳ್ಳೋಕೆ ಕೈ ಖಾಲಿ ಇರಲಿಲ್ಲ, ನೊಣಗಳ ನಡುವೆ ಜಾಗ ನೋಡಿ ಅಪ್ಪನೇ ಅವಳ ಮುಡಿಗೆ ಸಿಕ್ಕಿಸಿದ. ಇನ್ನು ಹುಡುಗನ ಒಪ್ಪಿಗೆ ಕೇಳಬೇಕಲ್ಲ ಅಂದ. ಅಷ್ಟರಲ್ಲಿ ಹಗ್ಗ ಮೂರು ಸಲ ಜಗ್ಗಿತು. ಒಪ್ಪಿದಾನೆ ಅಂದ ಯಜಮಾನ. ಅವನು ಆಗಿಂದ ಜಗ್ಗುತ್ತಲೇ ಇದ್ದ, ಪಾಪ. ಆಮೇಲೆ ಯಾರೋ ಕೇಳಿದಾಗ, ಮೇಲೆ ಎಳೀರಿ ಅಂತಲೂ ಜಗ್ಗಿದೆ, ಒಪ್ಪಿಗೆ ಇದೆ ಅಂತಲೂ ಜಗ್ಗಿದೆ ಅಂದನಂತೆ ಜಡೆಯ.

ಎಲೆ ಮುಡಿಗೆ ಬಿದ್ದಿದ್ದೇ ತಡ ಮೂರು ಜನ ಅಣ್ಣಂದಿರೂ ಭಾಮೈದರಾದರು. ನಿದ್ದೆಯವನಿಗೆ ನಿದ್ದೆ ಬರಲಿಲ್ಲ, ಯೋಚನೆಯವನಿಗೆ ಯೋಚನೆ ಬರಲಿಲ್ಲ, ಸಣ್ಣಯ್ಯನ ಎರಡು ಕಿವಿಯ ಮೇಲೂ ನೊಣ ಕೂತಿತ್ತು, ಅವನು ಕೈ ಬಿಡಲಿಲ್ಲ. ಮುಂದೆ ಹೊನ್ನಿ, ಹಿಂದೆ ಮೂವರು, ಎಳೆದರು. ಬಂಡೆಯ ಅಂಚಿಗೆ ಮೊದಲು ಬುಟ್ಟಿ ಬಂತು, ಬಿಸಿಲೇ ತುಂಬಿಕೊಂಡು ಬಂದ ಹಾಗೆ. ಆಮೇಲೆ ಹುಡುಗನ ತಲೆ ಬಂತು. ಅವನು ಸೊಂಟದ ಗಂಟು ಬಿಚ್ಚಿದ. ಬಂದು ಹೊನ್ನಿಯ ಮುಂದೆ ಕೂತ, ಮೊಣಕಾಲಿಗೆ ಮೊಣಕಾಲು ತಾಗೋ ಹಾಗೆ, ಅವಳ ಬೆರಳು ಒಂದೊಂದಾಗಿ ಹಗ್ಗದಿಂದ ಬಿಡಿಸಿ, ಅಂಗೈಗೆ ದೊಡ್ಡಮ್ಮನ ತುಪ್ಪ ಹಚ್ಚಿದ. ಈ ಸಲ ಕೂಗಲಿಲ್ಲವಂತೆ. ಏನು ಹೇಳಿದನೋ, ಪಕ್ಕದಲ್ಲಿದ್ದ ಅಪ್ಪನಿಗೂ ಕೇಳಿಸಲಿಲ್ಲ, ಅದಕ್ಕೆ ಕತೆಗೂ ಗೊತ್ತಿಲ್ಲ. ನೊಣಗಳು ಒಂದೊಂದಾಗಿ ಅವಳ ಮೈಮೇಲಿಂದ ಎದ್ದು ಹೋದ್ವು.

ಮುತ್ತುಗ ಮತ್ತೆ ಹೂ ಬಿಟ್ಟಾಗ ಮದುವೆ ಆಯ್ತು, ಜೇನೂ ಬಂತು, ಎಲ್ಲರೂ ಸುಖವಾಗಿದ್ದರು. ಕಟ್ಟಳೆ ಹಾಗೇ ಉಳೀತು, ಹಗ್ಗ ಹಿಡಿಯೋನು ಭಾಮೈದನೇ ಆಗಿರಬೇಕು ಅಂತ. ಅದರ ಕೊನೇಲಿ ಯಜಮಾನ ಒಂದೇ ಒಂದು ಮಾತು ಸೇರಿಸಿದನಂತೆ, ಅವನ ಅಕ್ಕತಂಗಿಗೆ ಬಿಡುವಿಲ್ಲದಿದ್ದರೆ ಮಾತ್ರ ಅಂತ.

ಹೊನ್ನಿಯ ಅಂಗೈ ವಾಸಿ ಆಯ್ತು. ಆದರೆ ಮೂರು ಎಳೆಯ ಹಗ್ಗ ನೋಡು, ಮೂರು ಗೆರೆ ಉಳಿದುಹೋಯ್ತು. ಅವಳ ಮಕ್ಕಳಿಗೂ ಬಂತು, ಮೊಮ್ಮಕ್ಕಳಿಗೂ ಬಂತು. ಶಾಸ್ತ್ರ ಹೇಳೋರು ಅದನ್ನ ಹಿಡಿದು ಆಯಸ್ಸು ಅಂತಾರೆ, ವಿದ್ಯೆ ಅಂತಾರೆ, ಹೇಳಲಿ, ಅವರೂ ಬದುಕಬೇಕು. ಎಲ್ಲಿ, ನಿನ್ನ ಕೈ ಬಿಚ್ಚು. ಒಂದು, ಎರಡು, ಮೂರು. ನನ್ನ ಕೈಯಲ್ಲೂ ಇದೆ, ನಿಮ್ಮ ತಾತನ ಹಗ್ಗ ಹಿಡಿದೂ ಹಿಡಿದೂ ಸ್ವಲ್ಪ ಆಳವಾಗಿದೆ, ಅಷ್ಟೇ. ಹೂಂ, ಈಗ ಬೆರಳು ಮಡಿಸು, ಗೆರೆ ಬೆಚ್ಚಗಿರಲಿ. ಸುತ್ತಿ ಸುತ್ತಿ ಹಗ್ಗದ ತುದಿ ನಿನ್ನ ಕೈಗೆ ಬಂತು, ಇಲ್ಲಿಗೆ ಕತೆಯೂ ಮುಗೀತು.